ಹೊಸ ಜೀವ ಪಡೆದ ಹಳೆಯ ಜೀಪು: ಓಡಿಸುವ ಬಗೆ, ಉಳಿಸಿಕೊಳ್ಳುವ ಬಗೆ

ಹಳೆಯ ಜೀಪನ್ನು ಪೂರ್ತಿ ಬಿಚ್ಚಿ, ತುಕ್ಕು ಕೆರೆಸಿ, ಎಂಜಿನ್ ಕಟ್ಟಿಸಿ, ಬಣ್ಣ ಹೊಡೆಸಿ ಅಂಗಳಕ್ಕೆ ತಂದು ನಿಲ್ಲಿಸಲು ಎಷ್ಟೋ ಜನ ವರ್ಷಗಟ್ಟಲೆ ಶ್ರಮಪಡುತ್ತಾರೆ. ಅಷ್ಟು ಶ್ರಮಪಟ್ಟ ಜೀಪು ಎರಡೇ ಮಳೆಗಾಲದಲ್ಲಿ ಮತ್ತೆ ಗ್ಯಾರೇಜು ಸೇರುವುದನ್ನು ನೋಡಿದಾಗ ಸಂಕಟವಾಗುತ್ತದೆ. ಬಹಳಷ್ಟು ಸಲ ತಪ್ಪು ಕಟ್ಟಿದವರದ್ದಾಗಿರುವುದಿಲ್ಲ. ಹೊಸ ಕಾರನ್ನು ಓಡಿಸುವ ಅಭ್ಯಾಸದಲ್ಲೇ ಹಳೆಯ ಜೀಪನ್ನೂ ಓಡಿಸಿದ್ದರಿಂದ ಅದು ಕೆಟ್ಟಿರುತ್ತದೆ.

ಇಂದಿನ ಕಾರಿನಲ್ಲಿ ಯಾವ ಚಕ್ರಕ್ಕೆ ಎಷ್ಟು ಬಲ ಕೊಡಬೇಕು, ಇಳಿಜಾರಿನಲ್ಲಿ ಬ್ರೇಕನ್ನು ಹೇಗೆ ಹಿಡಿಯಬೇಕು, ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಬಿಡಬೇಕು ಎಂಬುದನ್ನೆಲ್ಲ ಒಳಗಿನ ಕಂಪ್ಯೂಟರ್ ನಿರ್ಧರಿಸುತ್ತದೆ. ಹಳೆಯ ಜೀಪಿನಲ್ಲಿ ಆ ನಿರ್ಧಾರಗಳೆಲ್ಲ ಚಾಲಕನ ಕೈಕಾಲಿನಲ್ಲಿರುತ್ತವೆ. ಆತ ತಪ್ಪು ಮಾಡಿದರೆ ತಡೆಯುವ ವ್ಯವಸ್ಥೆ ಇಲ್ಲ. ಆ ತಪ್ಪನ್ನು ಗೇರಿನ ಹಲ್ಲು, ಶಾಫ್ಟು, ಬೇರಿಂಗುಗಳು ನುಂಗಿಕೊಳ್ಳುತ್ತವೆ. ಹಾಗಾಗಿ ಓಡಿಸುವ ರೀತಿಯೇ ಈ ವಾಹನದ ಅರ್ಧ ಆರೈಕೆ. ಉಳಿದರ್ಧ ಸ್ಪ್ಯಾನರು ಮತ್ತು ಗ್ರೀಸ್ ಗನ್ನಿನ ಕೆಲಸ.

ನಮ್ಮಲ್ಲಿ ಜೀಪು ಎಂದರೆ ಹೆಚ್ಚಾಗಿ ಮಹೀಂದ್ರಾ. ಅದರ ಬೇರು ಇರುವುದು ಎರಡನೇ ಮಹಾಯುದ್ಧದಲ್ಲಿ. ಅಮೆರಿಕದ ಸೇನೆಗಾಗಿ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು 1941ರಿಂದ 1945ರವರೆಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಯುದ್ಧ ಮುಗಿದ ಮೇಲೆ ವಿಲ್ಲಿಸ್ ಅದೇ ಗಾಡಿಯನ್ನು ರೈತರಿಗೂ ಸಾಮಾನ್ಯರಿಗೂ ಮಾರಲು ಸಿಜೆ ಸರಣಿಯನ್ನು ಹೊರತಂದಿತು. 1940ರ ದಶಕದ ಕೊನೆಯಲ್ಲಿ ಮಹೀಂದ್ರಾ ಕಂಪನಿ ಅವುಗಳನ್ನು ಭಾರತದಲ್ಲಿ ಜೋಡಿಸತೊಡಗಿತು. 1953ರಲ್ಲಿ ಬಂದ ಸಿಜೆ-3ಬಿ ಮಾದರಿಯ ಬಾನೆಟ್ ಎತ್ತರವಾಗಿದೆ. ಹೊಸ ಎಂಜಿನ್ನಿನ ಇನ್ಲೆಟ್ ವಾಲ್ವುಗಳು ಹೆಡ್ಡಿನ ಮೇಲೆ ಬಂದು ಎಂಜಿನ್ ಎತ್ತರವಾದದ್ದೇ ಅದಕ್ಕೆ ಕಾರಣ. ಅಮೆರಿಕದಲ್ಲಿ ಆ ಮಾದರಿ 1968ಕ್ಕೆ ನಿಂತಿತು. ಇಲ್ಲಿ ಅದೇ ಮುಖದ ಜೀಪುಗಳು ಮುಂದೆಯೂ ದಶಕಗಳ ಕಾಲ ತಯಾರಾದವು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಅವು ಗೊಬ್ಬರ, ಕಾಫಿ ಮೂಟೆ, ಆಳುಕಾಳು, ಬಾಣಂತಿಯರನ್ನೆಲ್ಲ ಹೊತ್ತಿವೆ. ಇಂದಿಗೂ ಕೊಡಚಾದ್ರಿಯ ಕೊರಕಲು ದಾರಿಯಲ್ಲಿ ಪ್ರವಾಸಿಗರನ್ನು ಮೇಲಕ್ಕೆ ಕರೆದೊಯ್ಯುವುದು ಜೀಪುಗಳೇ.

ಇಲ್ಲಿ ನಾನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡಿರುವುದು ಸಿಜೆ-3ಬಿ ಮತ್ತು ಅದರ ಹಿರಿಯ ಬಂಧುಗಳನ್ನು: ಮೂರು ಗೇರು, ಪೆಟ್ರೋಲ್ ಎಂಜಿನ್, ಮುಂದಿನ ಹಿಂದಿನ ಚಕ್ರಗಳ ನಡುವೆ ಎಂಬತ್ತು ಅಂಗುಲದ ವೀಲ್‌ಬೇಸ್, ನಾಲ್ಕೂ ಕಡೆ ಕಮಾನು ಪಟ್ಟಿ. ಯುದ್ಧಕಾಲದ ಎಂಜಿನ್ 2.2 ಲೀಟರಿನದು, 60 ಅಶ್ವಶಕ್ತಿ. ಸಿಜೆ-3ಬಿಯದು ಅದೇ ಗಾತ್ರದ್ದು, ಸುಮಾರು 75. ಇಂದಿನ ಅನೇಕ ಸಣ್ಣ ಕಾರುಗಳಷ್ಟೂ ಶಕ್ತಿಯಿಲ್ಲದ ಈ ಎಂಜಿನ್ ಅಂಥ ಏರನ್ನು ಹೇಗೆ ಹತ್ತುತ್ತದೆ ಎಂಬ ಪ್ರಶ್ನೆಗೆ ಉತ್ತರ ಗೇರುಗಳಲ್ಲಿದೆ.

ಗುಣಾಕಾರದ ಯಂತ್ರ

ಎಂಜಿನ್ನಿನ ತಿರುಗುಬಲ ಚಕ್ರವನ್ನು ಮುಟ್ಟುವ ಮೊದಲು ಮೂರು ಕಡೆ ಹೆಚ್ಚುತ್ತದೆ. ಮೊದಲನೆಯದು ಗೇರ್‌ಬಾಕ್ಸ್, ಸಿಜೆ-3ಬಿಯ ಒಂದನೇ ಗೇರಿನಲ್ಲಿ ಸುಮಾರು 2.8 ಪಟ್ಟು. ಎರಡನೆಯದು ಟ್ರಾನ್ಸ್‌ಫರ್ ಕೇಸ್. ಬಲವನ್ನು ಹಿಂದಿನ ಮತ್ತು ಮುಂದಿನ ಚಕ್ರಗಳ ಕಡೆಗೆ ಕಳಿಸುವ ಪೆಟ್ಟಿಗೆ ಅದು. ಅದರ ಲೋ ಗೇರಿನಲ್ಲಿ 2.46 ಪಟ್ಟು. ಮೂರನೆಯದು ಹೌಸಿಂಗಿನೊಳಗಿನ (ಎಡ ಬಲ ಚಕ್ರಗಳ ನಡುವಿನ ಆಕ್ಸಲ್ ಕವಚದೊಳಗಿನ) ಕ್ರೌನ್ ಮತ್ತು ಪಿನಿಯನ್ ಎಂಬ ಗೇರುಜೋಡಿ, ಅಲ್ಲಿ 5.38 ಪಟ್ಟು. ಮೂರನ್ನೂ ಗುಣಿಸಿದರೆ 37 ಬರುತ್ತದೆ. ಎಂಜಿನ್ ಮೂವತ್ತೇಳು ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು ಸುತ್ತುತ್ತದೆ, ಆದರೆ ಮೂವತ್ತೇಳು ಪಟ್ಟು ಬಲದಿಂದ. ಎಂಜಿನ್ ನಿಮಿಷಕ್ಕೆ ಸಾವಿರ ಸುತ್ತು ತಿರುಗುತ್ತಿದ್ದರೆ ಜೀಪಿನ ವೇಗ ಗಂಟೆಗೆ ಸುಮಾರು 3.7 ಕಿಲೋಮೀಟರ್. ಮನುಷ್ಯ ಅದಕ್ಕಿಂತ ಬೇಗ ನಡೆಯುತ್ತಾನೆ. ಕಲ್ಲು ತುಂಬಿದ ಏರಿನಲ್ಲಿ ಇದೇ ಬೇಕಾದದ್ದು. ಆಕ್ಸಿಲರೇಟರ್ ಒತ್ತಿ ಓಟದ ರಭಸದಲ್ಲಿ ಹತ್ತಿಸುವವನು ಜೀಪಿನ ಈ ವರವನ್ನು ಬಳಸುವುದೇ ಇಲ್ಲ. ಕಮಾನು ಪಟ್ಟಿ, ಶಾಕ್ ಅಬ್ಸಾರ್ಬರ್, ಶಾಫ್ಟುಗಳನ್ನು ಜೋಡಿಸುವ ಯು.ಜೆ. ಕ್ರಾಸುಗಳನ್ನು ಸುಮ್ಮನೆ ಹೊಡೆಸಿಕೊಳ್ಳುತ್ತಾನೆ.

ಇದೇ ಲೆಕ್ಕ ಹೆದ್ದಾರಿಯಲ್ಲಿ ತಿರುಗುಮುರುಗಾಗುತ್ತದೆ. ಮೂರನೇ ಗೇರಿನಲ್ಲೂ ಹೌಸಿಂಗಿನ 5.38 ಉಳಿದೇ ಇರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2,400 ಸುತ್ತು ತಿರುಗುತ್ತದೆ. 80ಕ್ಕೆ ಹೋದರೆ 3,200 ಸಮೀಪಿಸುತ್ತದೆ. ಈ ಎಂಜಿನ್ನಿನ ಪಿಸ್ಟನ್ ಒಂದೊಂದು ಸಲವೂ 111 ಮಿಲಿಮೀಟರ್ ಮೇಲೆ ಕೆಳಗೆ ಓಡುತ್ತದೆ. ಅಷ್ಟು ಉದ್ದದ ಓಟವಿರುವ ಎಂಜಿನ್ನಿಗೆ ಗಂಟೆಗಟ್ಟಲೆ ಆ ವೇಗ ಹಿಂಸೆಯೇ. 55ರಿಂದ 60ರ ಒಳಗೆ ಓಡಿಸಿ. ಬೆಂಗಳೂರಿನಿಂದ ಹಾಸನಕ್ಕೆ ಒಂದು ಗಂಟೆ ತಡವಾಗಿ ತಲುಪಿದರೆ ಏನೂ ನಷ್ಟವಿಲ್ಲ.

ಗೇರ್‌ಬಾಕ್ಸಿನ ಬಗ್ಗೆ ಒಂದು ಮಾತು. ಎರಡು ಮತ್ತು ಮೂರನೇ ಗೇರಿಗೆ ಸಿಂಕ್ರೊ (ಗೇರುಗಳ ವೇಗವನ್ನು ತಾನೇ ಹೊಂದಿಸುವ ಏರ್ಪಾಡು) ಇದೆ, ಒಂದನೆಯದಕ್ಕೆ ಇಲ್ಲ. ಚಲಿಸುತ್ತಿರುವಾಗ ಎರಡರಿಂದ ಒಂದಕ್ಕೆ ಇಳಿಸಬೇಕಾದರೆ ಡಬಲ್ ಕ್ಲಚ್ ಕಲಿಯಲೇಬೇಕು: ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತನ್ನಿ, ಕ್ಲಚ್ ಬಿಟ್ಟು ಆಕ್ಸಿಲರೇಟರ್ ಒಮ್ಮೆ ಒತ್ತಿ ಒಳಗಿನ ಗೇರುಗಳ ವೇಗ ಏರಿಸಿ, ಮತ್ತೆ ಕ್ಲಚ್ ಒತ್ತಿ ಒಂದನೇ ಗೇರಿಗೆ ಹಾಕಿ. ವೇಗ ಹೊಂದಿದರೆ ಲಿವರ್ ಸದ್ದಿಲ್ಲದೆ ಒಳಗೆ ಇಳಿಯುತ್ತದೆ. ಕರಕರ ಎಂದರೆ ಹಲ್ಲು ಸವೆಯುತ್ತಿದೆ ಎಂದರ್ಥ. ಈ ಕೈಚಳಕ ಬರುವವರೆಗೆ ಗಾಡಿ ನಿಲ್ಲಿಸಿಯೇ ಒಂದನೇ ಗೇರು ಹಾಕುವುದು ಕ್ಷೇಮ.

ಗೇರ್ ಎಣ್ಣೆಯ ಆಯ್ಕೆಯೂ ಇದಕ್ಕೇ ಸಂಬಂಧಿಸಿದ್ದು. ಸಿಂಕ್ರೊ ಬಳೆಗಳು ಹಿತ್ತಾಳೆ ಜಾತಿಯ ಲೋಹದವು. ಕ್ರೌನ್ ಪಿನಿಯನ್‌ಗಾಗಿ ಮಾರುವ ಜಿಎಲ್-5 ದರ್ಜೆಯ ಕೆಲವು ಎಣ್ಣೆಗಳಲ್ಲಿರುವ ಗಂಧಕದ ಅಂಶ ಇಂಥ ಲೋಹವನ್ನು ನಿಧಾನವಾಗಿ ತಿನ್ನಬಹುದು. ಗೇರ್‌ಬಾಕ್ಸಿಗೆ ಜಿಎಲ್-4 ದರ್ಜೆಯ 90 ನಂಬರ್ ಎಣ್ಣೆ ಕೇಳಿ ತನ್ನಿ. ಅಂಗಡಿಯವನು ಎರಡೂ ಒಂದೇ ಎಂದರೆ ಒಪ್ಪಬೇಡಿ.

ಫೋರ್ ವೀಲ್ ಯಾವಾಗ, ಯಾಕೆ

ಜೀಪಿನ ನೆಲದಲ್ಲಿ ಗೇರ್ ಲಿವರಿನ ಪಕ್ಕ ಇನ್ನೆರಡು ಸಣ್ಣ ಲಿವರುಗಳಿವೆ. ಒಂದು ಮುಂದಿನ ಚಕ್ರಗಳಿಗೂ ಬಲ ಜೋಡಿಸುತ್ತದೆ, ಅದೇ ಫೋರ್ ವೀಲ್. ಇನ್ನೊಂದು ಹೈ ಮತ್ತು ಲೋ ನಡುವೆ ಬದಲಾಯಿಸುತ್ತದೆ. ಅದಕ್ಕೆ ನಡುವೆ ನ್ಯೂಟ್ರಲ್ ಕೂಡ ಇದೆ. ಹೆಚ್ಚಿನ ಕೇಡು ಹುಟ್ಟುವುದು ಈ ಲಿವರುಗಳಿಂದಲೇ, ಆದ್ದರಿಂದ ಇವನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ದೊಡ್ಡ ವೃತ್ತದಲ್ಲಿ ಸಾಗುತ್ತವೆ. ಜೀಪು ತಿರುಗಿದ ಜಾಡನ್ನು ಕೆಸರಿನಲ್ಲಿ ನೋಡಿದರೆ ನಾಲ್ಕು ಗೆರೆಗಳು ಬೇರೆ ಬೇರೆಯಾಗಿ ಕಾಣುತ್ತವೆ. ಮುಂದಿನವು ಹೆಚ್ಚು ದೂರ ಹೋಗಬೇಕು, ಅಂದರೆ ಹೆಚ್ಚು ಸುತ್ತಬೇಕು. ಒಂದೇ ಹೌಸಿಂಗಿನ ಎಡ ಬಲ ಚಕ್ರಗಳ ನಡುವಿನ ಇಂಥ ವ್ಯತ್ಯಾಸವನ್ನು ಡಿಫರೆನ್ಷಿಯಲ್ ಸರಿದೂಗಿಸುತ್ತದೆ. ಆದರೆ ಮುಂದಿನ ಹೌಸಿಂಗಿಗೂ ಹಿಂದಿನ ಹೌಸಿಂಗಿಗೂ ನಡುವೆ ಈ ಜೀಪಿನಲ್ಲಿ ಡಿಫರೆನ್ಷಿಯಲ್ ಇಲ್ಲ. ಫೋರ್ ವೀಲ್ ಹಾಕಿದ ಕ್ಷಣದಿಂದ ಎರಡೂ ಶಾಫ್ಟುಗಳು ಕಡ್ಡಾಯವಾಗಿ ಒಂದೇ ವೇಗದಲ್ಲಿ ತಿರುಗಬೇಕು.

ಕೆಸರಿನಲ್ಲಿ ಇದರಿಂದ ತೊಂದರೆಯಿಲ್ಲ. ಯಾವುದೋ ಚಕ್ರ ಚೂರು ಜಾರಿ ಲೆಕ್ಕ ಸರಿಹೋಗುತ್ತದೆ. ಒಣ ಡಾಂಬರಿನ ಮೇಲೆ ಚಕ್ರ ಜಾರುವುದಿಲ್ಲ. ಆ ವ್ಯತ್ಯಾಸವೆಲ್ಲ ಶಾಫ್ಟು, ಗೇರು, ಕ್ರಾಸುಗಳ ಒಳಗೆ ತಿರುಚಿದ ಬಿಗಿತವಾಗಿ ಸೇರಿಕೊಳ್ಳುತ್ತದೆ. ಸ್ಟಿಯರಿಂಗ್ ಭಾರವಾಗುತ್ತದೆ, ಗಾಡಿ ಹಿಡಿದೆಳೆದಂತೆ ಸಾಗುತ್ತದೆ, ಕೊನೆಗೆ ಫೋರ್ ವೀಲ್ ಲಿವರ್ ಹಿಂದಕ್ಕೆ ಬರುವುದೇ ಇಲ್ಲ. ಆಗ ಸುತ್ತಿಗೆ ತೆಗೆಯುವ ಅಗತ್ಯವಿಲ್ಲ. ನೇರವಾಗಿ ಕೆಲವು ಮೀಟರ್ ರಿವರ್ಸ್ ಹೋದರೆ ಬಿಗಿತ ಸಡಿಲವಾಗುತ್ತದೆ, ಅಥವಾ ಒಂದು ಬದಿಯ ಚಕ್ರಗಳನ್ನು ರಸ್ತೆ ಪಕ್ಕದ ಮಣ್ಣಿಗೆ ಇಳಿಸಿದರೂ ಸಾಕು.

ಟಯರಿನ ವಿಷಯದಲ್ಲಿ ಅನೇಕರು ಎಡವುವುದೂ ಇದೇ ಕಾರಣಕ್ಕೆ. ಹಿಂದೆ ಹೊಸ ಟಯರು, ಮುಂದೆ ಸವೆದ ಟಯರು ಹಾಕಿಕೊಂಡು ಫೋರ್ ವೀಲ್‌ನಲ್ಲಿ ಓಡಿಸಿದರೆ ನೇರ ದಾರಿಯಲ್ಲೂ ಬಿಗಿತ ಕೂಡುತ್ತದೆ. ಸುಮಾರು 72 ಸೆಂಟಿಮೀಟರ್ ವ್ಯಾಸದ ಟಯರಿನಲ್ಲಿ ಒಂದೇ ಸೆಂಟಿಮೀಟರ್ ವ್ಯತ್ಯಾಸವಿದ್ದರೂ ಒಂದು ಕಿಲೋಮೀಟರಿಗೆ ಹದಿನಾಲ್ಕು ಮೀಟರ್ ತಾಳ ತಪ್ಪುತ್ತದೆ. ನಾಲ್ಕೂ ಟಯರುಗಳು ಒಂದೇ ಅಳತೆ, ಒಂದೇ ಜಾತಿ, ಹೆಚ್ಚುಕಡಿಮೆ ಒಂದೇ ಸವೆತದವಾಗಿರಲಿ. ಸ್ಟೆಪ್ನಿಯನ್ನೂ ಸರದಿಯಲ್ಲಿ ಬಳಸಿ.

ಲೋ ಲಿವರಿನ ಗುಟ್ಟು ಬೇರೆ. ಮೂಲ ವಿನ್ಯಾಸದಲ್ಲಿ ಫೋರ್ ವೀಲ್ ಹಾಕದೆ ಲೋ ಬೀಳದಂತೆ ಟ್ರಾನ್ಸ್‌ಫರ್ ಕೇಸಿನೊಳಗೆ ಒಂದು ತಡೆಯಿದೆ. ಲೋನಲ್ಲಿ ಹೊಮ್ಮುವ ಮೂವತ್ತೇಳು ಪಟ್ಟು ಬಲವನ್ನು ಹಿಂದಿನ ಹೌಸಿಂಗ್ ಒಂದೇ ಹೊತ್ತರೆ ಆಕ್ಸಲ್ ಶಾಫ್ಟ್ ಮುರಿಯುವ ಅಪಾಯವಿದೆ, ಅದಕ್ಕೇ ಈ ಏರ್ಪಾಡು. ಸಣ್ಣ ಜಾಗದಲ್ಲಿ ಸಲೀಸಾಗಿ ತಿರುಗಿಸಲೆಂದು ಕೆಲವರು ಆ ತಡೆಯನ್ನು ತೆಗೆಸುತ್ತಾರೆ. ಅನುಭವವಿರುವವರಿಗೆ ಅದು ಉಪಯೋಗಕ್ಕೆ ಬರಬಹುದು. ಹೊಸಬರಿಗೆ ನಾನು ಬೇಡವೆನ್ನುತ್ತೇನೆ. ಹೈನಿಂದ ಲೋಗೆ ಹಾಕುವಾಗ ಗಾಡಿ ನಿಂತಿರಲಿ, ಇಲ್ಲವೇ ತೆವಳುತ್ತಿರಲಿ. ಕಷ್ಟದ ದಾರಿ ಕಣ್ಣಿಗೆ ಬಿದ್ದ ಕೂಡಲೇ ಹಾಕಿಕೊಳ್ಳಿ. ಹೂತುಹೋದ ಮೇಲೆ ಹಾಕುವುದು ತಡವಾದ ಬುದ್ಧಿ.

ಹೂತುಹೋಗುವುದು ಯಾಕೆ ಎಂಬುದನ್ನೂ ತಿಳಿದಿರಬೇಕು. ಫೋರ್ ವೀಲ್ ಎಂದ ಮಾತ್ರಕ್ಕೆ ನಾಲ್ಕೂ ಚಕ್ರ ಯಾವಾಗಲೂ ಎಳೆಯುತ್ತವೆ ಎಂದು ನಂಬಬೇಡಿ. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಕಡೆಗೆ ಸಮಾನ ಬಲ ಹಂಚುತ್ತದೆ. ಒಂದು ಚಕ್ರ ಗಾಳಿಯಲ್ಲಿದ್ದರೆ ಅದಕ್ಕೆ ಬೇಕಾದ ಬಲ ಸೊನ್ನೆಯ ಸಮೀಪ, ನೆಲದ ಮೇಲಿರುವ ಜೊತೆಯ ಚಕ್ರಕ್ಕೂ ಅಷ್ಟೇ ಸಿಗುತ್ತದೆ. ಮುಂದೆ ಒಂದು, ಹಿಂದೆ ಒಂದು ಚಕ್ರ ಓರೆಯಾಗಿ ಎತ್ತಿಕೊಂಡರೆ ಜೀಪು ನಿಂತಲ್ಲೇ ಚಕ್ರ ತಿರುಗಿಸುತ್ತದೆ. ಆಗ ಕಾಲುಬ್ರೇಕನ್ನು ಮೆಲ್ಲಗೆ ಒತ್ತಿ ಹಿಡಿದು ಆಕ್ಸಿಲರೇಟರ್ ಕೊಟ್ಟರೆ ಸುಮ್ಮನೆ ಸುತ್ತುತ್ತಿದ್ದ ಚಕ್ರಕ್ಕೆ ತಡೆ ಸಿಕ್ಕಿ, ಎದುರಿನ ಚಕ್ರಕ್ಕೂ ಚೂರು ಬಲ ದಾಟುತ್ತದೆ. ಅಷ್ಟರಲ್ಲಿ ಹೊರಬರದಿದ್ದರೆ ಇಳಿದು ಕಲ್ಲು, ಸೊಪ್ಪು ಹಾಕಿ. ಸುಮ್ಮನೆ ರೇಸ್ ಮಾಡುತ್ತಾ ಹೋದರೆ ಹೌಸಿಂಗ್ ನೆಲಕ್ಕೆ ಕೂರುತ್ತದೆ, ಆಮೇಲೆ ಟ್ರ್ಯಾಕ್ಟರೇ ಬರಬೇಕು.

ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿಕೊಂಡು ಫೋರ್ ವೀಲ್‌ನಲ್ಲಿ ಜೋರಾಗಿ ಬಲ ಕೊಡಬೇಡಿ. ಮುಂದಿನ ಆಕ್ಸಲ್ಲಿನ ತುದಿಯಲ್ಲಿ ಸಾಮಾನ್ಯ ಕ್ರಾಸ್ ಇರುವ ಜೀಪುಗಳಲ್ಲಿ ಕೋನ ಹೆಚ್ಚಾದಷ್ಟೂ ಚಕ್ರ ಏರುಪೇರಾದ ವೇಗದಲ್ಲಿ ತಿರುಗುತ್ತದೆ. ಕೈಗೆ ಸ್ಟಿಯರಿಂಗ್ ಕುಕ್ಕಿದಂತಾಗುವುದು ಅದರಿಂದಲೇ. ಕ್ರಾಸುಗಳು ಮುರಿಯುವುದೂ ಹೆಚ್ಚಾಗಿ ಆ ಹೊತ್ತಿನಲ್ಲಿ.

ಇನ್ನು ಹಬ್, ಅಂದರೆ ಚಕ್ರದ ನಡುವಿನ ಗುಂಬ. ಮೂಲ ಜೀಪಿನಲ್ಲಿ ಟೂ ವೀಲ್‌ನಲ್ಲಿ ಓಡುವಾಗಲೂ ಮುಂದಿನ ಚಕ್ರಗಳು ಆಕ್ಸಲ್, ಕ್ರೌನ್, ಮುಂದಿನ ಶಾಫ್ಟುಗಳನ್ನು ಸುಮ್ಮನೆ ತಿರುಗಿಸುತ್ತಲೇ ಇರುತ್ತವೆ. ಕೈಯಿಂದ ತಿರುಗಿಸಿ ಬಿಡಿಸುವ ಲಾಕಿಂಗ್ ಹಬ್ಬುಗಳು ಬಂದದ್ದು ಇದನ್ನು ತಪ್ಪಿಸಲು. 1948ರಲ್ಲಿ ಅಮೆರಿಕದಲ್ಲಿ ಶುರುವಾದ ವಾರ್ನ್ ಕಂಪನಿ ಬೆಳೆದದ್ದೇ ಜೀಪಿಗೆ ಇಂಥ ಹಬ್ ಮಾಡಿ. ಹಬ್ಬು ಬಿಟ್ಟು ಓಡಿಸಿದರೆ ಸವೆತ ಕಡಿಮೆ, ಸದ್ದು ಕಡಿಮೆ. ಆದರೆ ತಿಂಗಳಲ್ಲಿ ಒಂದೆರಡು ಸಲವಾದರೂ ಹಾಕಿಕೊಂಡು ಮಣ್ಣುದಾರಿಯಲ್ಲಿ ಓಡಿಸಿ. ಮುಂದಿನ ಹೌಸಿಂಗಿನ ಎಣ್ಣೆ ಮೇಲೇರಿ ಗೇರು ಬೇರಿಂಗುಗಳನ್ನು ನೆನೆಸದಿದ್ದರೆ ಮಲೆನಾಡಿನ ತೇವಕ್ಕೆ ಒಳಗೇ ತುಕ್ಕು ಹಿಡಿಯುತ್ತದೆ.

ಇಳಿಯುವ ವಿದ್ಯೆ, ನಿಲ್ಲುವ ವಿದ್ಯೆ

ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಹಳೆಯ ಜೀಪಿಗೆ ನಾಲ್ಕೂ ಕಡೆ ಡ್ರಮ್ ಬ್ರೇಕ್. ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಬಂದರೆ ಡ್ರಮ್ ಕಾದು ಹಿಗ್ಗುತ್ತದೆ, ಶೂಗಳಿಂದ ದೂರ ಸರಿಯುತ್ತದೆ, ಲೈನಿಂಗಿನ ಹಿಡಿತವೂ ಇಳಿಯುತ್ತದೆ. ಪೆಡಲ್ ಕೆಳಕೆಳಗೆ ಹೋಗುತ್ತದೆ. ಚಾರ್ಮಾಡಿ, ಆಗುಂಬೆಯಂಥ ಘಾಟಿಗಳಲ್ಲಿ ಹತ್ತಿದ ಗೇರಿನಲ್ಲೇ ಇಳಿಯಬೇಕೆಂದು ಹಳೆಯ ಡ್ರೈವರುಗಳು ಹೇಳುತ್ತಿದ್ದುದು ಇದಕ್ಕೇ. ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳಲಿ, ಬ್ರೇಕ್ ತಿರುವಿಗೆ ಮಾತ್ರ ಇರಲಿ. ಮಣ್ಣಿನ ಕಡಿದಾದ ಇಳಿಜಾರಾದರೆ ಫೋರ್ ವೀಲ್ ಲೋ, ಒಂದನೇ ಗೇರು, ಕ್ಲಚ್ ಮೇಲೆ ಕಾಲು ಇಡುವಂತಿಲ್ಲ.

ಬ್ರೇಕ್ ಎಣ್ಣೆ ಗಾಳಿಯಿಂದ ನೀರನ್ನು ಹೀರುತ್ತದೆ. ಡಾಟ್-3 ದರ್ಜೆಯ ಹೊಸ ಎಣ್ಣೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ನೀರು ಹೀರಿಕೊಂಡ ಎಣ್ಣೆಗೆ ಆ ಮಟ್ಟ 140. ಕುದಿದರೆ ಪೈಪಿನಲ್ಲಿ ಆವಿ ತುಂಬಿ ಪೆಡಲ್ ಒತ್ತಿದರೂ ಬಲ ದಾಟುವುದಿಲ್ಲ. ಘಟ್ಟದ ಮೇಲಿನ ಊರುಗಳಲ್ಲಿ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಈ ಎಣ್ಣೆ ಬದಲಿಸುವುದು ಒಳ್ಳೆಯದು. ಹೀರಿದ ನೀರು ವೀಲ್ ಸಿಲಿಂಡರುಗಳನ್ನೂ ಒಳಗಿನಿಂದ ತುಕ್ಕು ಹಿಡಿಸುತ್ತದೆ. ಬಹಳ ದಿನ ನಿಂತ ಜೀಪಿನ ಒಂದು ಚಕ್ರ ಬಿಗಿದುಕೊಳ್ಳಲು ಅದೂ ಒಂದು ಕಾರಣ.

ಇದಕ್ಕಿಂತ ದೊಡ್ಡ ಚಿಂತೆ, ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ತಳ್ಳುವ ಮೂಲ ಮಾಸ್ಟರ್ ಸಿಲಿಂಡರ್ ಒಂಟಿ ಎಂಬುದು. ನಾಲ್ಕು ಚಕ್ರಗಳಲ್ಲಿ ಯಾವುದೇ ಒಂದರ ಹೋಸ್ ಒಡೆದರೂ ನಾಲ್ಕೂ ಬ್ರೇಕ್ ಹೋಗುತ್ತವೆ. ಮುಂದೆ ಹಿಂದೆ ಬೇರೆ ಬೇರೆಯಾಗಿ ಕೆಲಸ ಮಾಡುವ ಜೋಡಿ ಮಾಸ್ಟರ್ ಸಿಲಿಂಡರ್ ಹಾಕಿಸಿಕೊಳ್ಳಿ. ಮೂಲ ಸ್ವರೂಪ ಕೆಡುತ್ತದೆಂದು ಹಿಂಜರಿಯುವವರ ಭಾವನೆ ನನಗೆ ಅರ್ಥವಾಗುತ್ತದೆ. ಆದರೂ ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯುವ ಗಾಡಿಯಲ್ಲಿ ಈ ಒಂದು ಬದಲಾವಣೆಗೆ ವಿರೋಧ ಬೇಡ. ಸೀಟ್ ಬೆಲ್ಟಿಗೂ ಇದೇ ಮಾತು. ಮುಂದಿನ ಸೀಟಿನ ಕೆಳಗೇ ಪೆಟ್ರೋಲ್ ಟ್ಯಾಂಕ್ ಇರುವ, ಗಿಡ್ಡ ವೀಲ್‌ಬೇಸಿನ, ಬೇಗ ಮಗುಚುವ ಗಾಡಿ ಇದು.

ಹ್ಯಾಂಡ್‌ಬ್ರೇಕ್ ಈ ಜೀಪಿನಲ್ಲಿ ಚಕ್ರಗಳಲ್ಲಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ, ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಶುರುವಾಗುವಲ್ಲಿ ಒಂದು ಸಣ್ಣ ಡ್ರಮ್ ಇದೆ. ಅದು ಹಿಡಿಯುವುದು ಶಾಫ್ಟನ್ನು. ಇದರಿಂದ ಎರಡು ಪರಿಣಾಮಗಳಿವೆ. ಹಿಂದಿನ ಒಂದು ಚಕ್ರವನ್ನು ಜಾಕ್ ಕೊಟ್ಟು ಎತ್ತಿದರೆ, ಶಾಫ್ಟ್ ಹಿಡಿದಿದ್ದರೂ ಡಿಫರೆನ್ಷಿಯಲ್ ಮೂಲಕ ಎತ್ತಿದ ಚಕ್ರ ಒಂದು ಕಡೆಗೆ, ನೆಲದ ಚಕ್ರ ಇನ್ನೊಂದು ಕಡೆಗೆ ತಿರುಗಿ ಜೀಪು ಉರುಳಬಲ್ಲದು. ಪಂಕ್ಚರ್ ಹಾಕುವ ಮೊದಲು ಚಕ್ರಗಳಿಗೆ ಕಲ್ಲು ಕೊಡಲೇಬೇಕು, ಫೋರ್ ವೀಲ್ ಹಾಕಿ ಹಬ್ ಲಾಕ್ ಮಾಡಿದರೆ ಇನ್ನೂ ಭದ್ರ. ಎರಡನೆಯದು, ಓಡುವಾಗ ಈ ಬ್ರೇಕನ್ನು ಸೆಳೆದರೆ ಇಡೀ ಗಾಡಿಯ ರಭಸ ಶಾಫ್ಟು, ಕ್ರಾಸುಗಳ ಮೇಲೆ ಬೀಳುತ್ತದೆ. ಅದು ನಿಂತ ಗಾಡಿಯನ್ನು ಹಿಡಿಯಲು ಮಾತ್ರ. ಗೇರಿನಲ್ಲಿ ನಿಲ್ಲಿಸುವವರು ಹೈ ಲೋ ಲಿವರ್ ನ್ಯೂಟ್ರಲ್‌ನಲ್ಲಿಲ್ಲ ಎಂದು ನೋಡಿಕೊಳ್ಳಿ. ಅಲ್ಲಿದ್ದರೆ ಗೇರಿಗೂ ಚಕ್ರಕ್ಕೂ ಸಂಬಂಧವೇ ಇರುವುದಿಲ್ಲ.

ಏರಿನ ನಡುವೆ ಎಂಜಿನ್ ನಿಂತುಹೋದರೆ ಏನು ಮಾಡುವುದು? ಗಾಬರಿಯಲ್ಲಿ ಕ್ಲಚ್ ಒತ್ತಿದರೆ ಜೀಪು ಹಿಂದಕ್ಕೆ ಓಡುತ್ತದೆ. ಕಾಲುಬ್ರೇಕ್ ಬಲವಾಗಿ ಹಿಡಿಯಿರಿ. ಲೋನಲ್ಲೇ ರಿವರ್ಸ್ ಗೇರು ಹಾಕಿ ಕ್ಲಚ್ ಪೂರ್ತಿ ಬಿಡಿ. ಈಗ ಬ್ರೇಕನ್ನು ನಿಧಾನವಾಗಿ ಸಡಿಲಿಸಿದರೆ ಗೇರು ಗಾಡಿಯನ್ನು ಹಿಡಿದಿರುತ್ತದೆ. ಹಾಗೆಯೇ, ಕ್ಲಚ್ ಮುಟ್ಟದೆ, ಸ್ಟಾರ್ಟರ್ ಒತ್ತಿ. ಗೇರಿನಲ್ಲೇ ಎಂಜಿನ್ ಹತ್ತಿಕೊಂಡು ಜೀಪು ತೆವಳುವ ವೇಗದಲ್ಲಿ ಬಂದ ದಾರಿಯಲ್ಲೇ ಹಿಂದಕ್ಕೆ ಇಳಿಯುತ್ತದೆ. ಇದನ್ನು ಮೊದಲು ಸಣ್ಣ ಏರಿನಲ್ಲಿ ಅಭ್ಯಾಸ ಮಾಡಿಕೊಳ್ಳಿ. ಏರಿನ ನಡುವೆ ಅಡ್ಡ ತಿರುಗಿಸುವ ಯೋಚನೆ ಮಾತ್ರ ಎಂದೂ ಬೇಡ.

ಹಳ್ಳ ದಾಟಿದ ಮೇಲೆ ನೂರಿನ್ನೂರು ಮೀಟರ್ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ಓಡಿಸಿ, ಶೂಗಳು ಒಣಗಲಿ. ದಾಟುವ ಮೊದಲು ಎರಡು ನಿಮಿಷ ನಿಲ್ಲಿಸುವುದಕ್ಕೂ ಕಾರಣವಿದೆ. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ತಟ್ಟನೆ ಕುಗ್ಗಿ, ಸೀಲುಗಳ ಸಂದಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಮರುದಿನ ಹೌಸಿಂಗಿನ ಬೋಲ್ಟ್ ಬಿಚ್ಚಿ ಬೆರಳು ಹಾಕಿ ನೋಡಿ; ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಕೂಡಲೇ ಬದಲಿಸಿ. ಮುಂದಿನ ಚಕ್ರಗಳ ಒಳಬದಿಯಲ್ಲಿರುವ ದೊಡ್ಡ ಉಕ್ಕಿನ ಗುಂಡುಗಳನ್ನೂ ಒರೆಸಿ ನೋಡಿ. ಅವುಗಳ ಮೇಲೆ ತುಕ್ಕಿನ ಗುಳಿ ಬಿದ್ದರೆ ಎಷ್ಟು ಹೊಸ ಸೀಲ್ ಹಾಕಿದರೂ ಸೋರಿಕೆ ನಿಲ್ಲದು.

ರಿಪೇರಿ ಮುಗಿದ ಮೇಲಿನ ರಿಪೇರಿ

ಹೊಸದಾಗಿ ಕಟ್ಟಿದ ಗಾಡಿಯಲ್ಲಿ ಮೊದಲ ಐನೂರು ಕಿಲೋಮೀಟರ್ ನಿರ್ಣಾಯಕ. ಗ್ಯಾಸ್ಕೆಟ್, ಬುಶ್, ಪಟ್ಟಿ ಎಲ್ಲವೂ ತಮ್ಮ ಜಾಗದಲ್ಲಿ ಕೂರುವಾಗ ಬೋಲ್ಟುಗಳು ಸಡಿಲವಾಗುತ್ತವೆ. ಹೆಡ್ ಬೋಲ್ಟ್, ಕಮಾನು ಪಟ್ಟಿಯ ಯು-ಬೋಲ್ಟ್, ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೆ ಬಿಗಿಸಬೇಕು. ಹಳೆಯ ವಿಲ್ಲಿಸ್ ವಿನ್ಯಾಸದ ಅನೇಕ ಜೀಪುಗಳಲ್ಲಿ ಎಡಬದಿಯ ಚಕ್ರದ ನಟ್ಟುಗಳು ಉಲ್ಟಾ ಮರೆಯವು, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತವೆ. ಇದು ತಿಳಿಯದ ಪಂಕ್ಚರ್ ಅಂಗಡಿಯ ಹುಡುಗ ಗಾಳಿಯ ಗನ್ನಿನಿಂದ ಸ್ಟಡ್ ತುಂಡರಿಸುತ್ತಾನೆ. ಬಿಚ್ಚಲು ಶುರು ಮಾಡುವ ಮೊದಲೇ ಹೇಳಿಬಿಡಿ.

ಹೊಸ ಬಣ್ಣವೇ ತರುವ ಒಂದು ತೊಂದರೆಯಿದೆ. ಜೀಪಿನ ಕರೆಂಟು ಬಾಡಿ ಮತ್ತು ಚಾಸಿಯ ಮೂಲಕವೇ ಬ್ಯಾಟರಿಗೆ ಮರಳುತ್ತದೆ. ಚಾಸಿಯನ್ನೆಲ್ಲ ಬಣ್ಣದಿಂದ ಮುಚ್ಚಿದ ಮೇಲೆ ಅರ್ಥ್ ಸರಿಯಾಗಿ ಸಿಗದೆ ಹೆಡ್‌ಲೈಟ್ ಮಂಕಾಗುತ್ತದೆ, ಸ್ಟಾರ್ಟರ್ ಎಳೆಯುತ್ತಾ ತಿರುಗುತ್ತದೆ. ಅರ್ಥ್ ಕೂರುವ ಜಾಗಗಳಲ್ಲಿ ಬಣ್ಣ ಕೆರೆದು ಬರಿ ಲೋಹಕ್ಕೆ ಬಿಗಿಸಿ, ಮೇಲೆ ಗ್ರೀಸ್ ಸವರಿದರೆ ಬಹುಪಾಲು ಸರಿಹೋಗುತ್ತದೆ. ಆರು ವೋಲ್ಟಿನ ಜೀಪಿನಲ್ಲಿ ಇದು ಇನ್ನೂ ಮುಖ್ಯ. ಅಷ್ಟೇ ಬೆಳಕಿಗೆ ಹನ್ನೆರಡು ವೋಲ್ಟಿನದಕ್ಕಿಂತ ಎರಡರಷ್ಟು ಕರೆಂಟು ಹರಿಯಬೇಕಾದ್ದರಿಂದ ವೈರು ದಪ್ಪವಿರಬೇಕು. ಇಂದಿನ ಕಾರಿನ ತೆಳು ಕೇಬಲ್ ಹಾಕಿ ಆರು ವೋಲ್ಟು ಕೆಲಸಕ್ಕೆ ಬಾರದು ಎಂದು ದೂರುವುದು ನ್ಯಾಯವಲ್ಲ.

ಪೆಟ್ರೋಲಿನದು ಇತ್ತೀಚಿನ ಸಮಸ್ಯೆ. ಈಗ ಬಂಕುಗಳಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಅದು ಹಳೆಯ ರಬ್ಬರ್ ಹೋಸುಗಳನ್ನೂ ಪೆಟ್ರೋಲ್ ಪಂಪಿನ ಡಯಾಫ್ರಮ್ಮನ್ನೂ ಮೆತ್ತಗಾಗಿಸುತ್ತದೆ, ಟ್ಯಾಂಕಿನ ತಳದ ಹಳೆಯ ಕಸವನ್ನು ಕರಗಿಸಿ ಕಾರ್ಬೊರೇಟರಿಗೆ ತರುತ್ತದೆ, ನೀರನ್ನೂ ಹೀರುತ್ತದೆ. ಎಥೆನಾಲ್ ತಾಳುವ ಹೋಸ್ ಮತ್ತು ಡಯಾಫ್ರಮ್ ಹಾಕಿಸಿ, ಪಂಪಿಗೆ ಮೊದಲು ಒಂದು ಫಿಲ್ಟರ್ ಇಡಿ. ಎಥೆನಾಲ್‌ನಲ್ಲೇ ಆಮ್ಲಜನಕವಿರುವುದರಿಂದ ಗಾಳಿ ಪೆಟ್ರೋಲ್ ಮಿಶ್ರಣ ತೆಳುವಾಗುತ್ತದೆ. ಏರಿನಲ್ಲಿ ಎಂಜಿನ್ ತಡವರಿಸಿದರೆ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಬಿಡುವ ಮೇನ್ ಜೆಟ್ ಒಂದು ಅಳತೆ ದೊಡ್ಡದು ಹಾಕಿ ನೋಡಬಹುದು. ತಿಂಗಳುಗಟ್ಟಲೆ ಜೀಪು ನಿಲ್ಲಿಸುವುದಾದರೆ ಕಾರ್ಬೊರೇಟರಿನ ಪೆಟ್ರೋಲ್ ಖಾಲಿಯಾಗುವವರೆಗೆ ಓಡಿಸಿ ನಿಲ್ಲಿಸಿ.

ಪ್ಲಗ್ಗಿನ ಕಿಡಿಗಾಗಿ ಕರೆಂಟನ್ನು ಕಡಿದು ಜೋಡಿಸುವ ಕಾಂಟಾಕ್ಟ್ ಪಾಯಿಂಟಿನ ಸಂದು ಅರ್ಧ ಮಿಲಿಮೀಟರ್, ಪ್ಲಗ್ಗಿನದು ಮುಕ್ಕಾಲು. ಈ ಎರಡು ಅಳತೆ ಮತ್ತು ಸಂದು ಅಳೆಯುವ ಒಂದು ಫೀಲರ್ ಗೇಜ್ ಜೊತೆಗಿದ್ದರೆ ದಾರಿಯಲ್ಲಿ ನಿಂತ ಜೀಪನ್ನು ಎಷ್ಟೋ ಸಲ ಅಲ್ಲೇ ಎಬ್ಬಿಸಬಹುದು.

ಎಂಜಿನ್ ಅತಿಯಾಗಿ ಬಿಸಿಯಾಗುವ ತೊಂದರೆಗೆ ನಮ್ಮ ಗ್ಯಾರೇಜುಗಳಲ್ಲಿ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ವಾಲ್ವು) ಕಿತ್ತು ಬಿಸಾಡುವ ಪದ್ಧತಿಯಿದೆ. ಅದನ್ನು ನಾನು ಒಪ್ಪುವುದಿಲ್ಲ. ಈ ಎಂಜಿನ್ನುಗಳಲ್ಲಿ ಎಕ್ಸಾಸ್ಟ್ ವಾಲ್ವು ಬ್ಲಾಕಿನಲ್ಲೇ ಇದ್ದು, ಹೊರಹೋಗುವ ಬೆಂಕಿಯಂಥ ಗಾಳಿ ನೀರಿನ ಜಾಕೆಟ್ಟಿನ ಪಕ್ಕದಲ್ಲೇ ಹಾಯುತ್ತದೆ. ಹಾಗಾಗಿ ರೇಡಿಯೇಟರಿಗೆ ಮೊದಲೇ ಕೆಲಸ ಹೆಚ್ಚು. ಬೋರ್‌ವೆಲ್ಲಿನ ಗಡಸು ನೀರು ಹಾಕಿದರೆ ಒಳಗೆ ಸುಣ್ಣದ ಪೊರೆ ಕಟ್ಟಿ ಅದೂ ಕುಂದುತ್ತದೆ. ರೇಡಿಯೇಟರ್ ಬಿಚ್ಚಿಸಿ ತೊಳೆಸಿ, ಕೂಲೆಂಟ್ ಹಾಕಿ, ಫ್ಯಾನ್ ಬೆಲ್ಟ್ ನೋಡಿ. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಸಣ್ಣ ಓಡಾಟಗಳಲ್ಲಿ ತಕ್ಕ ಬಿಸಿಗೆ ಬರುವುದೇ ಇಲ್ಲ. ಎಣ್ಣೆಯಲ್ಲಿ ತೇವ ಉಳಿದು ಕೆಸರಾಗುತ್ತದೆ. ಮೂಲ ಆಯಿಲ್ ಫಿಲ್ಟರ್ ಎಣ್ಣೆಯ ಒಂದು ಪಾಲನ್ನಷ್ಟೇ ಸೋಸುವಂಥದ್ದು. ಎರಡು ಸಾವಿರ ಕಿಲೋಮೀಟರಿಗೆ, ಓಡದಿದ್ದರೆ ವರ್ಷಕ್ಕೊಮ್ಮೆ, ಎಂಜಿನ್ ಎಣ್ಣೆ ಬದಲಿಸಿ.

ಗ್ರೀಸಿನ ಕೆಲಸ ಬೇಸರದ್ದು, ಆದರೆ ಅಗ್ಗದ್ದು. ಶ್ಯಾಕಲ್ (ಕಮಾನು ಪಟ್ಟಿಯ ತುದಿಯ ಕೊಂಡಿ), ಟೈ ರಾಡ್ (ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಸರಳು), ಕ್ರಾಸ್, ಶಾಫ್ಟಿನ ಜಾರುವ ತುದಿ ಎಲ್ಲಕ್ಕೂ ನಿಪ್ಪಲ್ ಇದೆ. ಹಳೆಯ ಗ್ರೀಸ್ ಕೆಸರಿನೊಂದಿಗೆ ಹೊರಬಂದು ಹೊಸದು ಕಾಣುವವರೆಗೆ ಒತ್ತಬೇಕು. ಐವತ್ತರ ವೇಗದಲ್ಲಿ ಒಂದು ಗುಂಡಿ ಹಾರಿದ ಕೂಡಲೇ ಮುಂದಿನ ಚಕ್ರಗಳು ತಡೆಯಿಲ್ಲದೆ ಅದುರಲು ಶುರುವಾದರೆ ಸ್ಟಿಯರಿಂಗ್ ಬಾಕ್ಸನ್ನು ದೂರುವ ಮೊದಲು ಮುಂದಿನ ಚಕ್ರಕ್ಕೆ ತಿರುಗಣೆಯಾದ ಕಿಂಗ್ ಪಿನ್ ಬೇರಿಂಗು, ಟೈ ರಾಡ್ ತುದಿ, ಶ್ಯಾಕಲ್ ಬುಶ್ ನೋಡಿ. ಸ್ಟಿಯರಿಂಗ್ ಬಾಕ್ಸನ್ನು ಬಿಗಿಸಿ ಆ ಅದುರನ್ನು ಮುಚ್ಚಿಡುವುದು ಅಪಾಯ. ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು; ಡ್ರಮ್ ಬಿಚ್ಚಿದಾಗ ಆ ಪುಡಿಯನ್ನು ಗಾಳಿಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಕೊನೆಯದಾಗಿ ಕಾಗದಪತ್ರ. ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ತಂದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲಿ ಉಳಿದಿರುವ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ, ಮರುನೋಂದಣಿಗೆ 5,000. ಈಗಾಗಲೇ ನೋಂದಣಿಯಿರುವ ಗಾಡಿ ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಆದರೆ ವಿಂಟೇಜ್ ನೋಂದಣಿ ಪಡೆದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ರಿಪೇರಿ ಇಂಥವಕ್ಕೆ ಮಾತ್ರ. ವಾರಕ್ಕೊಮ್ಮೆ ತೋಟಕ್ಕೆ ಹೋಗಬೇಕೆನ್ನುವವರು ಸಾಮಾನ್ಯ ಆರ್‌ಸಿಯನ್ನೇ ಐದೈದು ವರ್ಷಕ್ಕೆ ನವೀಕರಿಸಿಕೊಂಡು ಹೋಗುವುದು ಸೂಕ್ತ.

ಚಾಸಿ, ಬಾಡಿ ಅಥವಾ ಎಂಜಿನ್ ಬದಲಾವಣೆಯಾಗಿದ್ದರೆ ಆ ನಿಯಮದಡಿ ವಿಂಟೇಜ್ ಮಾನ್ಯತೆ ಸಿಗುವುದಿಲ್ಲ. ಪೆಟ್ರೋಲಿನ ಖರ್ಚಿಗೆ ಹೆದರಿ ಎಷ್ಟೋ ಮನೆಗಳು ಒಂದು ಕಾಲದಲ್ಲಿ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿದವು. ಆ ಅಗತ್ಯ ನಿಜವಾಗಿತ್ತು. ಅಂಥ ಜೀಪು ನಿಮ್ಮದಾಗಿದ್ದು, ಮೂಲ ಪೆಟ್ರೋಲ್ ಎಂಜಿನ್ ಇನ್ನೂ ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿದ್ದರೆ ಅದನ್ನು ಗುಜರಿಗೆ ಕೊಡಬೇಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೂ ಸ್ವಲ್ಪ ಎಂಜಿನ್ ಎಣ್ಣೆ ಬಿಟ್ಟು, ಕೈಯಿಂದ ಒಂದೆರಡು ಸುತ್ತು ತಿರುಗಿಸಿ, ಪ್ಲಗ್ ಮತ್ತೆ ಹಾಕಿ, ತೂತುಗಳನ್ನೆಲ್ಲ ಬಟ್ಟೆಯಿಂದ ಮುಚ್ಚಿ ನೆಲದಿಂದ ಎತ್ತರಕ್ಕೆ ಇಡಿ. ಬ್ಲಾಕಿನ ಮೇಲಿನ ನಂಬರನ್ನು ಹಳೆಯ ಆರ್‌ಸಿಯೊಂದಿಗೆ ತಾಳೆ ನೋಡಿ, ಎರಡರ ಫೋಟೊವನ್ನೂ ತೆಗೆದಿಟ್ಟುಕೊಳ್ಳಿ.